ತೇಲುವ ಕಾಳನ್ನು ಚೆಲ್ಲಬೇಡಿ, ಎಣಿಸಿ

ಪ್ರಶ್ನೆ: ನಮ್ಮ ಶಾಲೆಯ ಬಿಸಿಯೂಟದ ಅಕ್ಕಿ ತೊಳೆಯುವಾಗ ಮಾಸಲು ಹಳದಿ ಬಣ್ಣದ ಕೆಲವು ಕಾಳು ಮೇಲೆ ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿ ಅಂತ ಅಡುಗೆಯವರು ನೀರಿನ ಜೊತೆಗೇ ಚೆಲ್ಲುತ್ತಾರೆ. ಸಾರವರ್ಧಿತ ಅಕ್ಕಿ ಅನ್ನುವುದು ಇದೇನಾ? ಸರಿಯಾಗಿ ಬೆರೆಸಿದ್ದಾರೋ ಇಲ್ಲವೋ ನಾವೇ ನೋಡಬಹುದಾ?
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಹೊಸನಗರ ತಾಲ್ಲೂಕು

ಉತ್ತರ: ಅದೇ ಇದು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ, ಶಾವಿಗೆಯಂತೆ ಯಂತ್ರದಲ್ಲಿ ಒತ್ತಿ, ಅಕ್ಕಿಯ ಅಳತೆಗೆ ಕತ್ತರಿಸಿ ಒಣಗಿಸಿದ ಕಾಳು. ಒಳಗೆ ಗಾಳಿಗುಳ್ಳೆ ಉಳಿಯುವುದರಿಂದ ಕೆಲವು ತೇಲುತ್ತವೆ. ಬೇಯಿಸಿದರೆ ಅನ್ನದಂತೆಯೇ ಮೆತ್ತಗಾಗುತ್ತವೆ. ಅನುಮಾನವಿದ್ದವರ ಎದುರೇ ನಾಲ್ಕು ಕಾಳು ಬೇಯಿಸಿ, ಹಿಸುಕಿ ತೋರಿಸಿ.

ಬೆರೆಸುವ ಪ್ರಮಾಣ ನೂರಕ್ಕೆ ಒಂದು. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಂತೆ ಬೆರೆಸಿದ ಅಕ್ಕಿಯ ಪ್ರತಿ ಕೆಜಿಯಲ್ಲಿ 28–42.5 ಮಿಲಿಗ್ರಾಂ ಕಬ್ಬಿಣ, 75–125 ಮೈಕ್ರೋಗ್ರಾಂ ಫೋಲಿಕ್ ಆಮ್ಲ, 0.75–1.25 ಮೈಕ್ರೋಗ್ರಾಂ ಬಿ12 ಇರಬೇಕು. ಸೇರಿಸಿದ್ದೆಲ್ಲ ಆ ಒಂದು ಪಾಲು ಕಾಳಿನಲ್ಲೇ ಇರುವುದರಿಂದ ಅದನ್ನು ಚೆಲ್ಲಿದರೆ ಉಳಿಯುವುದು ಬರೀ ಅಕ್ಕಿ. 1ರಿಂದ 5ನೇ ತರಗತಿಯ ಮಗುವಿಗೆ ಸಿಗುವ 100 ಗ್ರಾಂ ಅಕ್ಕಿಯಿಂದ ಹೆಚ್ಚೆಂದರೆ 4 ಮಿಲಿಗ್ರಾಂನಷ್ಟು ಕಬ್ಬಿಣ ಬರುತ್ತದೆ. 7–9 ವರ್ಷದವರಿಗೆ ದಿನಕ್ಕೆ 15 ಬೇಕು. ಹಾಗಾಗಿ ಬಸಳೆ, ಹರಿವೆ, ಬೇಳೆಕಾಳಿನ ಸಾರನ್ನು ಬಿಡುವಂತಿಲ್ಲ.

ಪರೀಕ್ಷೆ ಹೀಗೆ ಮಾಡಿ. ಒಂದೇ ಚೀಲದ ಮೇಲೆ, ನಡುವೆ, ತಳದಿಂದ ಅಕ್ಕಿ ತೆಗೆದು, ಒಂದಕ್ಕೊಂದು ಬೆರೆಸದೆ 100 ಗ್ರಾಂ ಬೇರೆ ಬೇರೆ ತೂಗಿ. ಕಪ್ಪು ಬಟ್ಟೆಯ ಮೇಲೆ ಹರಡಿ, ಹೊಳಪಿಲ್ಲದ, ಮೂಲೆ ಮೊಂಡಾದ ಕಾಳುಗಳನ್ನು ಬೆಳಕಿನಲ್ಲಿ ಆರಿಸಿ. ನೂರು ಗ್ರಾಂನಲ್ಲಿ ಇವು ಒಂದು ಗ್ರಾಂ, ಎಂದರೆ ಹತ್ತಿರಹತ್ತಿರ 50 ಕಾಳು ಇರಬೇಕು. ನಲವತ್ತೋ ಅರವತ್ತೋ ಬಂದರೆ ತಕರಾರಿಲ್ಲ. ಮೇಲೆ 5, ತಳದಲ್ಲಿ 120 ಬಂದರೆ ಬೆರಕೆ ಕೆಟ್ಟಿದೆ. ಮಿಲ್ಲಿನಲ್ಲಿ ಬ್ಲೆಂಡರ್ ಬಿಟ್ಟು ಸಲಿಕೆಯಲ್ಲಿ ಕಲಸಿದರೆ, ಅಥವಾ ಕಾಳಿನ ಗಾತ್ರ ಅಕ್ಕಿಗೆ ಹೊಂದದಿದ್ದರೆ ಹೀಗಾಗುತ್ತದೆ. ಚೀಲದ ಮೇಲಿನ ಮಿಲ್ಲಿನ ಹೆಸರು, ಬ್ಯಾಚ್, ದಿನಾಂಕ, ‘+ಎಫ್’ (ಸಾರವರ್ಧಿತ ಎಂಬ) ಗುರುತನ್ನು ದಾಸ್ತಾನು ವಹಿಯಲ್ಲಿ ಬರೆದಿಡಿ. ಅರ್ಧ ಕೆಜಿ ಮಾದರಿಯನ್ನು ಒಣ ಡಬ್ಬಿಯಲ್ಲಿ ಇಟ್ಟುಕೊಂಡು, ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಲಿಖಿತವಾಗಿ ತಿಳಿಸಿ. ಬಾಯಿಮಾತಿನ ದೂರು ನಿಲ್ಲುವುದಿಲ್ಲ.

ಎಣಿಕೆಯಿಂದ ಕಾಳು ಇದೆ ಎಂದಷ್ಟೇ ಗೊತ್ತಾಗುತ್ತದೆ. ಕಾಳಿನೊಳಗೆ ಕಬ್ಬಿಣ ಎಷ್ಟಿದೆ ಎನ್ನುವುದು ಪ್ರಯೋಗಾಲಯದ ಕೆಲಸ. ಅದಕ್ಕೆ ಆಹಾರ ಸುರಕ್ಷತೆಯ ಜಿಲ್ಲಾ ಅಂಕಿತಾಧಿಕಾರಿಯ ಮೂಲಕ ಮಾದರಿ ಹೋಗಬೇಕು.

ಇನ್ನು ಮಳೆಗಾಲ. ನಿಮ್ಮ ಕಡೆ ಆಷಾಢದಲ್ಲಿ ಗೋಡೆಯೇ ಬೆವರುತ್ತದೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ; ಮೊದಲು ಬಂದದ್ದನ್ನು ಮೊದಲು ಖಾಲಿ ಮಾಡಿ. ನುಸಿ ಬಿತ್ತೆಂದು ಮೊರದಲ್ಲಿ ಕೇರುವಾಗ ಹಗುರವಾದ ಈ ಕಾಳೇ ಮೊದಲು ಹಾರುವುದು. ಜರಡಿ ಹಿಡಿಯುವುದು ಮೇಲು.

ಪ್ರಶ್ನೆ: ಗಂಜಿ ಬಸಿದು ಅನ್ನ ಮಾಡಿದರೆ ಸಾರ ಹೋಗುತ್ತದೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಫೋಲಿಕ್ ಆಮ್ಲ ಮತ್ತು ಬಿ12 ನೀರಿನಲ್ಲಿ ಕರಗುವಂಥವು, ಗಂಜಿಯ ಜೊತೆ ಒಂದು ಪಾಲು ಹೋಗುತ್ತದೆ. ನೀರು ಅಳತೆಯಲ್ಲಿಟ್ಟು ಇಂಗಿಸಿ ಮಾಡಿ. ಬಸಿಯಲೇಬೇಕೆಂದರೆ ಆ ಗಂಜಿಗೆ ಉಪ್ಪು ಹಾಕಿ ಮಕ್ಕಳಿಗೇ ಕುಡಿಸಿ. ಊಟಕ್ಕೆ ಒಂದು ಹೋಳು ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅದೇ ಕಬ್ಬಿಣ ದೇಹಕ್ಕೆ ಹತ್ತುವುದು ಕಡಿಮೆ.