ಹಳೇ ಪಿಕಪ್ಪು, ಕ್ಯಾಲಿಫೋರ್ನಿಯಾದ ಸ್ಮಾಗ್ ಚೆಕ್ಕು

ತಮ್ಮಾ, ನಿನ್ನ ಮೆಸೇಜು ಓದಿದೆ. ಫ್ರೆಸ್ನೋಗೆ ಹೋಗಿ ಇನ್ನೂ ಒಂದು ವರ್ಷ ಆಗಿಲ್ಲ, ಆಗಲೇ 2003ರ ಫೋರ್ಡ್ ರೇಂಜರ್ ಪಿಕಪ್ ತಗೊಂಡಿದ್ದೀಯ. ಮಾರಿದವ "ಸ್ಮಾಗ್ ಟೆಸ್ಟ್ ನೀನೇ ಮಾಡಿಸ್ಕೋ" ಅಂದನಂತೆ. ಸ್ಮಾಗ್ ಟೆಸ್ಟ್ ಅಂದರೆ ಅಲ್ಲಿಯ ಎಮಿಷನ್ ಟೆಸ್ಟು. ಚೆಕ್ ಎಂಜಿನ್ ಲೈಟು ಉರೀತಿತ್ತು, ಪಿ0420 ಅಂತ ಕೋಡು. ನೀನು ಕೋಡ್ ಓದುವ ಅಗ್ಗದ ಸ್ಕ್ಯಾನರ್ ತಂದು ಅದನ್ನು ಅಳಿಸಿ, ಮಾರನೇ ದಿನವೇ ಟೆಸ್ಟಿಗೆ ಹೋದೆ. ಲೈಟು ಇಲ್ಲ, ಆದರೂ ಫೇಲು. "ಉಡುಪಿಯಲ್ಲಿ ಐದು ನಿಮಿಷದ ಕೆಲಸ, ಇಲ್ಲಿ ಎಂತಕ್ಕೆ ಇಷ್ಟು ರಗಳೆ? ಯಾರಿಗಾದರೂ ಸ್ವಲ್ಪ ಕೊಟ್ಟರೆ ಆಗ್ತದಾ?" ಅಂತ ಕೇಳಿದ್ದೀಯ.

ನಾನೀಗ ರಜೆಯಲ್ಲಿ ಊರಲ್ಲೇ ಇದ್ದೇನೆ. ಮೊನ್ನೆ ಭಾವನ ಬೊಲೆರೊ ಪಿಕಪ್ಪಿಗೆ ಎಮಿಷನ್ ಮಾಡಿಸಲು ಸಂತೆಕಟ್ಟೆ ಕಡೆ ಹೋಗಿದ್ದೆವು. ಮಲ್ಪೆ ಬಂದರಿನಿಂದ ಮೀನು ಹೊರುವ ಗಾಡಿ ಅದು, ಐಸಿನ ಉಪ್ಪುನೀರು ಸೋರಿ ಸೋರಿ ಅಡಿಯೆಲ್ಲ ತುಕ್ಕು. ಡೀಸೆಲ್ ಗಾಡಿ ಆದ್ದರಿಂದ ಸೈಲೆನ್ಸರಿಗೆ ಪೈಪು ಹಾಕಿ, ಆಕ್ಸಿಲರೇಟರ್ ಒತ್ತಿಸಿ, ಹೊಗೆ ಎಷ್ಟು ದಟ್ಟ ಅಂತ ನೋಡಿದರು. ಪೆಟ್ರೋಲ್ ಆಗಿದ್ದರೆ ಐಡಲಿನಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಿದ್ದರು. ಆ ಗಳಿಗೆಯ ಹೊಗೆ ಸರಿ ಇದ್ದರೆ ಸರ್ಟಿಫಿಕೇಟು ಕೈಗೆ.

ನಿನ್ನ ಗಾಡಿಗೆ ಆ ಲೆಕ್ಕ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2000 ಮತ್ತು ಆಮೇಲಿನ ಮಾಡೆಲ್ ಪೆಟ್ರೋಲ್ ಗಾಡಿಗಳ ಸೈಲೆನ್ಸರಿಗೆ ಸಾಮಾನ್ಯವಾಗಿ ಪೈಪು ಹಾಕುವುದೇ ಇಲ್ಲ. ಸ್ಟೇರಿಂಗಿನ ಕೆಳಗಿರುವ ಒಬಿಡಿ ಪೋರ್ಟಿಗೆ ವಯರು ಸಿಕ್ಕಿಸಿ ಗಾಡಿಯ ಕಂಪ್ಯೂಟರನ್ನೇ ಕೇಳುತ್ತಾರೆ. ಜೊತೆಗೆ ಬಾನೆಟ್ ಎತ್ತಿ, ಅಡಿಗೆ ಬಗ್ಗಿ, ಇರಬೇಕಾದ ಭಾಗಗಳೆಲ್ಲ ಇದ್ದಾವಾ, ಯಾರಾದರೂ ಬದಲಾಯಿಸಿದ್ದಾರಾ ಅಂತ ಕಣ್ಣಿನಲ್ಲೂ ನೋಡುತ್ತಾರೆ. ಹೊಗೆ ಕಣ್ಣಿಗೆ ಕಂಡರೆ ಅದಕ್ಕೂ ಫೇಲು.

ಈ ಕಂಪ್ಯೂಟರು ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ, ಹೀಗೆ ಒಂದೊಂದನ್ನೂ ಗಾಡಿ ಓಡುವಾಗ ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಇವಕ್ಕೆ ಮಾನಿಟರ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಈ ಪರೀಕ್ಷೆಗಳ ಫಲಿತಾಂಶವೂ ಅಳಿಸಿ ಹೋಗುತ್ತದೆ. ಬ್ಯಾಟರಿ ವಯರು ತೆಗೆದರೂ ಅದೇ ಕಥೆ. ಕೆಂಪು ಗೆರೆ ಬಿದ್ದಿದೆ ಅಂತ ಮಾರ್ಕ್ಸ್ ಕಾರ್ಡನ್ನೇ ಹರಿದು ಅಡ್ಮಿಷನ್ನಿಗೆ ಹೋದ ಹಾಗಾಯ್ತು ನಿನ್ನದು. ನಿನ್ನ ಮಾಡೆಲ್ಲಿಗೆ ಆವಿಯ ಮಾನಿಟರ್ ಒಂದು ಬಾಕಿ ಇದ್ದರೆ ನಡೆಯುತ್ತದೆ, ಉಳಿದದ್ದೆಲ್ಲ ಮುಗಿದಿರಲೇಬೇಕು. ರಿಪೋರ್ಟಿನಲ್ಲಿ "ನಾಟ್ ರೆಡಿ" ಅಂತ ಇದ್ದರೆ ಅರ್ಥ ಇಷ್ಟೇ.

ಗ್ಯಾರೇಜಿಗೆ ಹೋಗುವ ಮೊದಲು ಮಾರಿದವನಿಗೆ ಫೋನ್ ಮಾಡು. ಇದನ್ನು ನೀನು ಕೇಳಿಲ್ಲ, ಆದರೆ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಅಲ್ಲಿ ಗಾಡಿ ಮಾರುವಾಗ ಸ್ಮಾಗ್ ಸರ್ಟಿಫಿಕೇಟು ಕೊಡಬೇಕಾದವನು ಮಾರುವವನು. ಅದು 90 ದಿನದ ಒಳಗಿನದ್ದಾಗಿರಬೇಕು. "ಇದ್ದ ಹಾಗೇ ಮಾರಿದ್ದು" ಅಂತ ಚೀಟಿ ಬರೆದುಕೊಟ್ಟರೂ ಆ ಹೊಣೆ ತಪ್ಪುವುದಿಲ್ಲ. ಹೊಸಬರು ಕಂಡ ಕೂಡಲೇ "ಟೆಸ್ಟ್ ನೀನೇ ಮಾಡಿಸ್ಕೋ" ಅನ್ನುವ ಮಾರಾಟಗಾರರು ಬೇಕಾದಷ್ಟು ಜನ ಇದ್ದಾರೆ. ಜಗಳ ಬೇಡ, ನಿಯಮ ಗೊತ್ತುಂಟು ಅಂತ ತಿಳಿಸು. ರಿಪೇರಿ ಖರ್ಚಿನಲ್ಲಿ ಪಾಲು ಕೊಡಲು ಕೆಲವರು ಒಪ್ಪುತ್ತಾರೆ, ಇಲ್ಲದಿದ್ದರೆ ವ್ಯಾಪಾರ ವಾಪಸ್ ಮಾಡುವ ಮಾತಾದರೂ ಆಗುತ್ತದೆ.

ಇನ್ನು ಪಿ0420. ಕನ್ವರ್ಟರ್ ತನ್ನ ಕೆಲಸ ಸಾಕಷ್ಟು ಮಾಡುತ್ತಿಲ್ಲ ಅಂತ ಕಂಪ್ಯೂಟರಿಗೆ ಅನಿಸಿದೆ. ಹೇಗೆ ಅನಿಸಿತು ಅಂದರೆ, ಕನ್ವರ್ಟರಿನ ಹಿಂದೆ ಮುಂದೆ ಒಂದೊಂದು ಆಕ್ಸಿಜನ್ ಸೆನ್ಸರ್ ಉಂಟು. ಮುಂದಿನದ್ದರ ರೀಡಿಂಗ್ ಸದಾ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಕನ್ವರ್ಟರ್ ಚೆನ್ನಾಗಿದ್ದರೆ ಹಿಂದಿನದ್ದು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಅದೂ ಕುಣಿಯಲು ಶುರು ಮಾಡಿದರೆ ಈ ಕೋಡು. ಆದರೆ ಸೈಲೆನ್ಸರ್ ಪೈಪಿನಲ್ಲಿ ಸೆನ್ಸರಿನ ಹತ್ತಿರ ಸಣ್ಣ ಲೀಕ್ ಇದ್ದರೂ, ಸೆನ್ಸರ್ ಹಳತಾಗಿದ್ದರೂ ಇದೇ ಕೋಡ್ ಬರಬಹುದು. ಇನ್ನೊಂದು, ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಅಥವಾ ಆಯಿಲ್ ತಿನ್ನುತ್ತಿದ್ದರೆ ಹೊಸ ಕನ್ವರ್ಟರೂ ಹಾಳಾಗುತ್ತದೆ. ಹಾಗಾಗಿ ಮೊದಲು ಲೀಕು, ಪ್ಲಗ್ಗು, ಸೆನ್ಸರ್ ನೋಡಿಸು. ಕೋಡ್ ಹೇಳಿದ ಕೂಡಲೇ "ಕನ್ವರ್ಟರ್ ಬದಲಾಯಿಸಿ" ಅನ್ನುವ ಗ್ಯಾರೇಜನ್ನು ನಾನು ನಂಬುವುದಿಲ್ಲ.

ಬದಲಾಯಿಸಲೇಬೇಕು ಅಂತಾದರೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಬೇರೆ ರಾಜ್ಯಗಳಿಗೆ ಮಾಡಿದ ಕನ್ವರ್ಟರ್ ತರಿಸಬೇಡ. ಕ್ಯಾಲಿಫೋರ್ನಿಯಾದ ಏರ್ ಬೋರ್ಡ್, ಅಂದರೆ ಅಲ್ಲಿಯ ವಾಯುಮಾಲಿನ್ಯ ಮಂಡಳಿ, ಒಪ್ಪಿಗೆ ಕೊಟ್ಟದ್ದಕ್ಕೆ ಗುರುತಾದ ಇಒ ನಂಬರ್ ಅದರ ಮೇಲೆ ಇರಬೇಕು, ಆ ನಂಬರು ನಿನ್ನ ಎಂಜಿನ್ನಿಗೇ ಹೊಂದಬೇಕು. ಬಾನೆಟ್ಟಿನ ಅಡಿಯ ಸ್ಟಿಕ್ಕರಿನಲ್ಲಿ ನಿನ್ನ ಗಾಡಿ ಕ್ಯಾಲಿಫೋರ್ನಿಯಾಕ್ಕೆ ಮಾಡಿದ್ದಾ, ಉಳಿದ ರಾಜ್ಯಗಳಿಗೆ ಮಾಡಿದ್ದಾ ಅಂತ ಬರೆದಿರುತ್ತದೆ, ಅದರ ಫೋಟೋ ತೆಗೆದಿಟ್ಟುಕೋ. ನಂಬರ್ ಇಲ್ಲದ್ದು ಹಾಕಿದರೆ ಗಾಡಿ ಎಷ್ಟೇ ಶುದ್ಧವಾಗಿ ಓಡಿದರೂ ಕಣ್ಣಿನ ಪರೀಕ್ಷೆಯಲ್ಲೇ ಫೇಲು. ಹೌದು, ನಂಬರ್ ಇರುವುದಕ್ಕೆ ದುಡ್ಡು ಜಾಸ್ತಿ. ಅದಕ್ಕೇ ಮೊದಲು ಮಾರಿದವನಿಗೆ ಫೋನ್ ಮಾಡು ಅಂದದ್ದು.

ರಿಪೇರಿ ಆದ ಮೇಲೆ ಒಂದು ವಾರ ಗಾಡಿ ಓಡಿಸು. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಹಾಗೇ ಬಿಡು. ಆಮೇಲೆ ಊರೊಳಗೆ ನಿಂತು ನಿಂತು ಸುತ್ತು, ಹೈವೇಗೆ ಹೋಗಿ 55 ಮೈಲಿಯ ಆಸುಪಾಸಿನಲ್ಲಿ ಒಂದೇ ವೇಗದಲ್ಲಿ ಹೋಗು, ಎಕ್ಸಿಟ್ ಬಂದಾಗ ಹಿಂದೆ ಗಾಡಿ ಇಲ್ಲದಿದ್ದರೆ ಆಕ್ಸಿಲರೇಟರ್ ಬಿಟ್ಟು ತಾನಾಗಿ ನಿಧಾನ ಆಗಲು ಬಿಡು. ನಿನ್ನ ಆ ಅಗ್ಗದ ಸ್ಕ್ಯಾನರ್ ಈಗ ಉಪಯೋಗಕ್ಕೆ ಬರುತ್ತದೆ, ಮಾನಿಟರ್‌ಗಳು ರೆಡಿ ಆದವಾ ಅಂತ ಅದರಲ್ಲೇ ಕಾಣುತ್ತದೆ. ಅಳಿಸುವ ಬಟನ್ನಿಗೆ ಮಾತ್ರ ಕೈ ಹಾಕಬೇಡ.

ಎಂಜಿನ್ ಬಿಸಿ ಮಾಡಿಕೊಂಡು ಹೋಗು, ಟ್ಯಾಂಕಿಗೆ ಬಾಟಲಿ ಔಷಧಿ ಹಾಕು ಅಂತ ರೂಮ್‌ಮೇಟ್ ಹೇಳಿದ್ದು ಬೇರೆ ಕಾಲದ ಮಾತು. 1999 ಮತ್ತು ಹಿಂದಿನ ಗಾಡಿಗಳನ್ನು ಹೆಚ್ಚಿನ ಊರುಗಳಲ್ಲಿ ರೋಲರಿನ ಮೇಲೆ 15 ಮತ್ತು 25 ಮೈಲಿ ವೇಗದಲ್ಲಿ ಓಡಿಸಿ ಹೊಗೆ ಅಳೆಯುತ್ತಾರೆ. ಅಲ್ಲಿ ಕನ್ವರ್ಟರ್ ಬಿಸಿ ಇದ್ದರೆ ನಿಜವಾಗಿ ವ್ಯತ್ಯಾಸ ಆಗುತ್ತದೆ. ನಿನಗೆ ಸುಮ್ನೆ ದುಡ್ಡು ದಂಡ.

ಕೊಟ್ಟು ಪಾಸು ಮಾಡಿಸುವ ವಿಷಯ. ಬೇರೆ ಒಳ್ಳೆ ಗಾಡಿಗೆ ವಯರು ಸಿಕ್ಕಿಸಿ ಕೆಟ್ಟ ಗಾಡಿಗೆ ಪಾಸು ಕೊಡುವವರು ಅಲ್ಲೂ ಇದ್ದಾರೆ, ಅದಕ್ಕೆ ಕ್ಲೀನ್ ಪ್ಲಗಿಂಗ್ ಅಂತ ಹೆಸರೂ ಉಂಟು. ಆದರೆ ಪ್ರತಿ ಟೆಸ್ಟಿನ ಡೇಟಾ ಸರಕಾರಕ್ಕೆ ಹೋಗುತ್ತದೆ, ಅದರಿಂದಲೇ ಸಿಕ್ಕಿಬೀಳುತ್ತಾರೆ. ಅದು ಕ್ರಿಮಿನಲ್ ಕೇಸು. ವೀಸಾದಲ್ಲಿ ಇರುವವ ನೀನು, ಒಂದು ಹಳೇ ಪಿಕಪ್ಪಿಗಾಗಿ ಆ ಹತ್ತಿರವೂ ಸುಳಿಯಬೇಡ ಮಾರಾಯ.

ಟೈಮ್ ಸಾಲದಿದ್ದರೆ ರಿಜಿಸ್ಟ್ರೇಷನ್ ಫೀಸು ಮೊದಲೇ ಕಟ್ಟಿಬಿಡು, ತಡವಾದ ದಂಡ ಆದರೂ ತಪ್ಪುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಸ್ಮಾಗ್ ಟೆಸ್ಟಿನಲ್ಲಿ ಫೇಲಾದ ಗಾಡಿಗೆ ಡಿಎಂವಿಯಲ್ಲಿ (ಅಲ್ಲಿಯ ಆರ್‌ಟಿಒ) 50 ಡಾಲರಿಗೆ 60 ದಿನದ ತಾತ್ಕಾಲಿಕ ಪರ್ಮಿಟ್ ಸಿಗುತ್ತದೆ, ಗಾಡಿ ಕೊಂಡು ಹೆಸರು ಬದಲಾಯಿಸುವ ನಿನಗೆ ಏನು ಸಿಗುತ್ತದೆ ಅಂತ ಅಲ್ಲೇ ಕೇಳು. ಆದಾಯ ಕಡಿಮೆ ಇರುವವರಿಗೆ ರಿಪೇರಿಗೆ ಸಹಾಯ ಕೊಡುವ ಸರಕಾರಿ ಯೋಜನೆಯೂ ಉಂಟು. ಆದರೆ ಅದು ಎರಡು ವರ್ಷಕ್ಕೊಮ್ಮೆ ಬರುವ ಟೆಸ್ಟಿಗೆ, ಹೆಸರು ಬದಲಾವಣೆಯ ಟೆಸ್ಟಿಗೆ ಅಲ್ಲ. ಮುಂದೆ ಬೇಕಾದರೆ ರಿಪೇರಿಗೆ ಮೊದಲೇ ಅರ್ಜಿ ಹಾಕಬೇಕು, ಮಾಡಿಸಿ ಆಮೇಲೆ ಬಿಲ್ಲು ತೋರಿಸಿದರೆ ಕೊಡುವುದಿಲ್ಲ.

ಫೇಲ್ ಆದ ರಿಪೋರ್ಟಿನ ಎರಡೂ ಬದಿಯ ಫೋಟೋ ಕಳಿಸು. ಯಾವ ಮಾನಿಟರ್ ಬಾಕಿ ಅಂತ ನೋಡಿ ಹೇಳುತ್ತೇನೆ. ಅಷ್ಟರೊಳಗೆ ಮಾರಿದವ ಎಂತ ಹೇಳಿದ ಅಂತಲೂ ಬರೆ.