ಲೆಕ್ಕಕ್ಕುಂಟು, ಆಟಕ್ಕಿಲ್ಲ

ಫಿಲಡೆಲ್ಫಿಯಾದಲ್ಲಿ ಬಾಡಿಗೆ ಎಷ್ಟು, ದಿನಸಿ ಸಿಗುತ್ತಾ, ಚಳಿಗೆ ಏನು ತರಬೇಕು, ಮತದ ಹಕ್ಕೇ ಇಲ್ಲದ ನಮಗೆ ಅಲ್ಲಿನ ರಾಜಕೀಯ, ಇತಿಹಾಸ ಯಾಕೆ ಅಂತ ಕೇಳಿದ್ದೀರಿ. ಬಾಡಿಗೆ ಏರಿಯಾದ ಮೇಲೆ ಹೋಗುತ್ತೆ, ಕಂಪನಿಯವರನ್ನೇ ಕೇಳಿ. ದಿನಸಿಗೆ ಚಿಂತೆ ಇಲ್ಲ. ಸಾರಿನ ಪುಡಿ ಮಾತ್ರ ಅಮ್ಮನ ಕೈಯಲ್ಲೇ ಮಾಡಿಸಿಕೊಂಡು ಬನ್ನಿ, ಯಾಕೆ ಅಂತ ಹೇಳಬೇಕಿಲ್ಲ ತಾನೆ? ಕೊನೆಯ ಪ್ರಶ್ನೆಗೆ ಬರೋಣ.

ನಾನು ಬಂದ ಹೊಸತು, 2010. ಅಂಚೆಯಲ್ಲಿ ಜನಗಣತಿ ಫಾರಂ ಬಂತು. ವೀಸಾದ ಮೇಲಿರುವವನಿಗೆ ಇದ್ಯಾಕೆ ಅಂತ ಆಫೀಸಿನಲ್ಲಿ ಕೇಳಿದರೆ, ಇಲ್ಲಿ ವಾಸ ಇರುವವರನ್ನೆಲ್ಲ ಎಣಿಸಿ ಆ ಮೇಲೆ ರಾಜ್ಯಗಳಿಗೆ ಸಂಸತ್ತಿನ ಕೆಳಮನೆಯ ಸೀಟು ಹಂಚುತ್ತಾರೆ ಅಂದರು. ನಮ್ಮ ಕಡೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರೆ, ಇಲ್ಲಿ ಉಲ್ಟಾ.

ಈ ಉಲ್ಟಾ ಲೆಕ್ಕ ಹುಟ್ಟಿದ್ದು ನೀವು ಬರುತ್ತಿರುವ ಊರಲ್ಲೇ. 1787ರಲ್ಲಿ ಇಲ್ಲಿ ಸಂವಿಧಾನ ಬರೆಯುವಾಗ ಗುಲಾಮರು ಹೆಚ್ಚಿದ್ದ ದಕ್ಷಿಣದ ರಾಜ್ಯಗಳವರು ಅವರನ್ನೂ ಜನಸಂಖ್ಯೆಗೆ ಸೇರಿಸಿ ಅಂತ ಪಟ್ಟು ಹಿಡಿದರು. ಪೆನ್ಸಿಲ್ವೇನಿಯಾದ ಪ್ರತಿನಿಧಿ ಗುವರ್ನೂರ್ ಮಾರಿಸ್ ಎದ್ದು, ಅವರು ಮನುಷ್ಯರಾದರೆ ಪೌರರನ್ನಾಗಿ ಮಾಡಿ, ಮತ ಕೊಡಿ. ಆಸ್ತಿಯಾದರೆ ಬೇರೆ ಆಸ್ತಿಯನ್ನೇಕೆ ಎಣಿಸುವುದಿಲ್ಲ ಅಂತ ಕೇಳಿದ. ಕೊನೆಗೆ ಐದು ಗುಲಾಮರನ್ನು ಮೂವರು ಅಂತ ಎಣಿಸೋಣ ಎಂದು ರಾಜಿಯಾಯಿತು. ಪೂರ್ತಿ ಎಣಿಸಿದ್ದರೆ ನ್ಯಾಯವಾಗಿರುತ್ತಿತ್ತು ಅಂದುಕೊಳ್ಳಬೇಡಿ, ಮಾಲೀಕರ ಕೈ ಇನ್ನೂ ಮೇಲಾಗುತ್ತಿತ್ತು. 1790ರ ಗಣತಿಯಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸ್ವತಂತ್ರ ಜನ ಸುಮಾರು 4.3 ಲಕ್ಷ, ವರ್ಜೀನಿಯಾದಲ್ಲಿ 4.5 ಲಕ್ಷ. ಸೀಟು ಮಾತ್ರ ಇವರಿಗೆ 13, ಅವರಿಗೆ 19! ಅಧ್ಯಕ್ಷರ ಚುನಾವಣೆಯಲ್ಲಿ ಒಂದೊಂದು ರಾಜ್ಯಕ್ಕಿದ್ದ ಮತಗಳೂ ಬಹುಮಟ್ಟಿಗೆ ಈ ಸೀಟಿನ ಮೇಲೆಯೇ ನಿಂತಿದ್ದವು. ಮೊದಲ 36 ವರ್ಷಗಳಲ್ಲಿ 32 ವರ್ಷ ಆ ಕುರ್ಚಿಯಲ್ಲಿ ಕೂತವರು ಗುಲಾಮರನ್ನಿಟ್ಟುಕೊಂಡಿದ್ದ ವರ್ಜೀನಿಯಾದವರೇ.

ಸ್ವಾತಂತ್ರ್ಯದ ಗುರುತಾದ ಹಳೆಯ ಗಂಟೆ ಲಿಬರ್ಟಿ ಬೆಲ್ ನೋಡಲು ಎಲ್ಲರೂ ಹೋಗುತ್ತಾರೆ. ಪಕ್ಕದಲ್ಲೇ ವಾಷಿಂಗ್ಟನ್ ಅಧ್ಯಕ್ಷರಾಗಿದ್ದಾಗ ಇದ್ದ ಮನೆಯ ಜಾಗವಿದೆ, ಅಲ್ಲಿ ಅವರು ಇಟ್ಟುಕೊಂಡಿದ್ದ ಒಂಬತ್ತು ಗುಲಾಮರ ಹೆಸರು ಗೋಡೆಯಲ್ಲಿ ಕೊರೆದಿದ್ದಾರೆ. ಹೊರರಾಜ್ಯದಿಂದ ತಂದ ಗುಲಾಮರು ಆರು ತಿಂಗಳು ಇಲ್ಲಿದ್ದರೆ ಬಿಡುಗಡೆ ಕೇಳಬಹುದು ಅಂತ ಪೆನ್ಸಿಲ್ವೇನಿಯಾದ ಕಾನೂನಿತ್ತು. ಹಾಗಾಗಿ ಲೆಕ್ಕ ಮತ್ತೆ ಮೊದಲಿಂದ ಶುರುವಾಗಲಿ ಅಂತ, ವಾಷಿಂಗ್ಟನ್ ಅವಧಿ ತುಂಬುವ ಮೊದಲೇ ಅವರನ್ನು ರಾಜ್ಯದ ಗಡಿ ದಾಟಿಸಿ ಕರೆತರಿಸುತ್ತಿದ್ದರು. ಓನಾ ಜಡ್ಜ್ ಎಂಬಾಕೆ 1796ರಲ್ಲಿ ಆ ಮನೆಯಿಂದ ತಪ್ಪಿಸಿಕೊಂಡು ನ್ಯೂ ಹ್ಯಾಂಪ್‌ಷೈರ್ ಸೇರಿದಳು, ಮತ್ತೆ ಅವರ ಕೈಗೆ ಸಿಗಲೇ ಇಲ್ಲ.

ನಮ್ಮ ಸ್ಥಿತಿಯನ್ನು ಆ ಗುಲಾಮರದಕ್ಕೆ ಹೋಲಿಸಲೇಬೇಡಿ. ನಾವು ಸಂಬಳಕ್ಕೆ, ನಮ್ಮಿಷ್ಟಕ್ಕೆ ಬಂದವರು. ಆದರೆ ಅವರ ಋಣ ನಮ್ಮ ಮೇಲಿದೆ. ಉತ್ತರ, ದಕ್ಷಿಣದ ರಾಜ್ಯಗಳ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ, 1868ರಲ್ಲಿ ಸಂವಿಧಾನದ 14ನೇ ತಿದ್ದುಪಡಿ ಇಲ್ಲಿ ಹುಟ್ಟಿದವರಿಗೆ ಪೌರತ್ವ ಕೊಟ್ಟಿತು. ನನ್ನ ಮಗಳು ಪೌರಳಾಗಿದ್ದು ಅದರಿಂದಲೇ. ಕರಿಯರ ಹಕ್ಕಿನ ಹೋರಾಟದ ಬಿಸಿಯಲ್ಲೇ 1965ರ ವಲಸೆ ಕಾನೂನು ಬಂದು ನಮ್ಮಂಥವರಿಗೆ ಬಾಗಿಲು ತೆರೆಯಿತು.

ಈಗ ನನಗೂ ಇಲ್ಲಿ ಮತವಿದೆ. ಊರಲ್ಲಿ ಹೋಯಿತು. ಪಂಚಾಯಿತಿ ಚುನಾವಣೆ ಬಂದಾಗ ನನ್ನ ತಮ್ಮ ಫೋನಿನಲ್ಲಿ ಯಾರ್ಯಾರು ನಿಂತಿದ್ದಾರೆ ಅಂತ ಹೇಳುತ್ತಾನೆ, ಸುಮ್ಮನೆ ಕೇಳುತ್ತೇನೆ. ಪಾಸ್‌ಪೋರ್ಟ್ ಬದಲಾಯಿಸುವ ದಿನ ಇದು ಇಷ್ಟು ಚುಚ್ಚುತ್ತೆ ಅಂತ ಯಾರೂ ಹೇಳಿರಲಿಲ್ಲ.

ಜಾಕೆಟ್ ಇಲ್ಲಿಯೇ ಕೊಳ್ಳಿ. ಬೆಂಗಳೂರಿನದು ಇಲ್ಲಿನ ಜನವರಿಗೆ ಸಾಲಲ್ಲ.