ಗಾಡಿ ಮಾತು: ಮಳೆ ನೀರು ಕ್ಯಾಬಿನ್ ಒಳಗೆ ಬರ್ತಿದ್ಯಾ? ಮೊದ್ಲು ದಾರಿ ಹುಡುಕಿ

ಈ ತಿಂಗಳು ಬಂದಿರೋ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು, ಹಳೇ ಪಿಕಪ್, ಮಳೆ ಬಂದ್ರೆ ಒಳಗೆ ನೀರು. ಬೆಂಗಳೂರಲ್ಲಿ ವರ್ಷದ ಜೋರು ಮಳೆ ಬೀಳೋದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅದಕ್ಕೇ ಈ ಸಲ ಬೇರೆ ವಿಷಯ ಬಿಟ್ಟು ಇದನ್ನೇ ಮೂರು ಕಾಗದ ತಗೊಂಡಿದೀನಿ, ಮೊದಲನೇದಕ್ಕೆ ಉತ್ತರ ಉದ್ದ ಆಗುತ್ತೆ, ಬೇಕು ಅಂತಲೇ ಉದ್ದ ಬರ್ದಿದೀನಿ.

ಪ್ರಶ್ನೆ: ಅಣ್ಣಾ ನಮಸ್ಕಾರ. ನಂದು 2007ರ ಮಾಡಲ್ ಪಿಕಪ್, ದಿನಾ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೂವು ಹೊಡೀತೀನಿ. ಮಳೆ ಬಂದ್ರೆ ಎಡಗಡೆ ಸೀಟಿನ ಮುಂದೆ ಕಾಲಿಡೋ ಜಾಗದಲ್ಲಿ ನೀರು ನಿಲ್ಲುತ್ತೆ, ಮ್ಯಾಟ್ ತುಳಿದ್ರೆ ಪಚಪಚ ಅನ್ನುತ್ತೆ. ಗ್ಯಾರೇಜಲ್ಲಿ ಮುಂದಿನ ಗ್ಲಾಸ್ ಸುತ್ತ ಎರಡು ಸಲ ಸಿಲಿಕಾನ್ ಹಾಕಿಸ್ದೆ, ದುಡ್ಡು ಹೋಯ್ತು, ನೀರು ನಿಲ್ಲಲಿಲ್ಲ. ಒಳಗಿಂದ ಗ್ಲಾಸೆಲ್ಲಾ ಮಂಜು ಹಿಡಿಯುತ್ತೆ, ಹಾರ್ನ್ ಫ್ಯೂಸ್ ಎರಡು ಸಲ ಹೋಗಿದೆ. ಗ್ಲಾಸ್ ಬೀಡಿಂಗ್ (ಸುತ್ತಲಿನ ರಬ್ಬರ್) ಪೂರ್ತಿ ಹೊಸದು ಹಾಕಿಸ್ಲಾ?
– ಹೂವಿನ ಗಾಡಿಯವರು, ನಾಗರಭಾವಿ

ಉತ್ತರ: ಅಣ್ಣಾ, ಬೀಡಿಂಗ್‌ಗೆ ದುಡ್ಡು ಹಾಕೋದು ಒಂದು ವಾರ ತಡೀರಿ. ನೀರು ತೊಟ್ಟಿಕ್ಕೋ ಜಾಗ ಬೇರೆ, ಒಳಗೆ ನುಗ್ಗೋ ಜಾಗ ಬೇರೆ, ಹಳೇ ಗಾಡೀಲಿ ಎರಡರ ಮಧ್ಯೆ ಮೂರ್ನಾಲ್ಕು ಅಡಿ ದೂರ ಇದ್ರೂ ಆಶ್ಚರ್ಯ ಇಲ್ಲ. ರೂಫ್ ಮೇಲೆ ಕ್ಯಾರಿಯರ್ ಬೋಲ್ಟ್ ಹತ್ರ ಇಳಿದ ನೀರು ಲೈನಿಂಗ್ ಮೇಲೇ ಹರ್ಕೊಂಡು ಬಂದು ಗ್ಲಾಸ್ ಪಕ್ಕದ ಕಂಬದೊಳಗೆ ಇಳ್ದು ಕೊನೆಗೆ ಡ್ಯಾಶ್‌ಬೋರ್ಡ್ ಕೆಳಗೆ ಬೀಳುತ್ತೆ, ನೋಡಿದೋರೆಲ್ಲಾ ಗ್ಲಾಸ್ ಲೀಕು ಅಂತಾರೆ, ಸಿಲಿಕಾನ್ ಟ್ಯೂಬ್ ಕೈಗೆ ಬರುತ್ತೆ. ನಿಮ್ಮ ಗಾಡೀಲೂ ನೀರು ಬರೋ ದಾರಿ ಯಾರೂ ಹುಡುಕಿಲ್ಲ.

ನಿಮ್ಮ ಕಾಗದ ಓದ್ತಿದ್ದ ಹಾಗೇ ನನಗೆ ಅನುಮಾನ ಬಂದಿದ್ದು ನೀವು ಹೊಡೆಯೋ ಹೂವಿನ ಮೇಲೆ. ಬಾನೆಟ್ಟಿಗೂ ಗ್ಲಾಸಿಗೂ ಮಧ್ಯೆ, ವೈಪರ್ ಬುಡದಲ್ಲಿ ಜಾಲರಿ ಇದೆಯಲ್ಲ, ಅದರ ಕೆಳಗೆ ಅಡ್ಡಕ್ಕೆ ತಗಡಿನ ತೊಟ್ಟಿ ಥರ ಇರುತ್ತೆ, ಕೌಲ್ ಅಂತಾರೆ. ಗ್ಲಾಸ್ ಮೇಲಿನ ಮಳೆ ನೀರು ಆ ತೊಟ್ಟಿಗೇ ಇಳಿಬೇಕು, ಅಲ್ಲಿಂದ ತುದೀಲಿರೋ ತೂತುಗಳಿಂದ ಮಡ್‌ಗಾರ್ಡ್ ಹಿಂದೆ ಇಳ್ದು ರೋಡಿಗೆ ಹೋಗ್ಬೇಕು, ಗಾಡಿ ಮಾಡಿದೋರ ಲೆಕ್ಕ ಅದು. ಬ್ಲೋವರ್‌ಗೆ, ಅಂದ್ರೆ ಕ್ಯಾಬಿನ್ನಿಗೆ ಗಾಳಿ ಊದೋ ಫ್ಯಾನಿಗೆ, ಹೊರಗಿನ ಗಾಳಿ ಹೋಗೋದೂ ಇದೇ ತೊಟ್ಟಿಯಿಂದ, ಆ ಬಾಯಿಗೆ ನೀರು ಹೋಗದ ಹಾಗೆ ಸುತ್ತ ಒಂದು ಸಣ್ಣ ಕಟ್ಟೆ ಎತ್ತಿರ್ತಾರೆ. ತೂತು ಕಟ್ಕೊಂಡ್ರೆ ತೊಟ್ಟಿ ತುಂಬುತ್ತೆ, ನೀರು ಕಟ್ಟೆ ದಾಟುತ್ತೆ, ಬ್ಲೋವರ್ ಒಳಗಿಂದ ಸೀದಾ ಮ್ಯಾಟ್ ಮೇಲೆ. ನಮ್ಮ ಗಾಡಿಗಳಿಗೆ ಸ್ಟೇರಿಂಗ್ ಬಲಗಡೆ, ಹಾಗಾಗಿ ಬ್ಲೋವರ್ ಸಾಮಾನ್ಯವಾಗಿ ಎಡಗಡೆ, ನೀವು ಹೇಳಿರೋ ಒದ್ದೆ ಜಾಗಕ್ಕೆ ಸರಿಯಾಗಿ ಹೊಂದುತ್ತೆ.

ನನ್ನ ಹಳೇ ಪಿಕಪ್ ಒಂದು ಮಳೆಮರದ ಕೆಳಗೇ ವರ್ಷಗಟ್ಟಲೆ ನಿಲ್ತಿತ್ತು. ಒಂದ್ಸಲ ಜಾಲರಿ ಬಿಚ್ಚಿ ಕೈ ಹಾಕ್ದೆ, ಎರಡು ಬೊಗಸೆ ಕಪ್ಪು ಗಸಿ ಬಂತು, ಥೇಟ್ ಫಿಲ್ಟರ್‌ನಲ್ಲಿ ಉಳಿಯೋ ಕಾಫಿ ಚರಟದ ಥರ, ಮುಟ್ಟಿದ್ರೆ ತಣ್ಣಗೆ, ಕುಂಡದ ಮಣ್ಣಿನ ವಾಸನೆ. ಅದರೊಳಗೆ ಚೆಂಡು ಹೂವಿನ ಬೀಜ ಮೊಳೆತು ಬೆರಳುದ್ದ ಸಸಿ ಆಗಿ ಬೆಳಕಿನ ಕಡೆ ಬಗ್ಗಿ ನಿಂತಿತ್ತು. ಚೆಂಡು ಹೂವು ಅಲ್ಲಿಗೆ ಹೆಂಗೆ ಬಂತು ಅಂದ್ರೆ ಆಯುಧ ಪೂಜೆ! ಬಾನೆಟ್ ಮೇಲೆ ಹಾರ ಹಾಕ್ತೀವಿ, ಬಾಳೆಕಂದು ಕಟ್ತೀವಿ, ಎರಡು ದಿನ ಹಂಗೇ ಓಡಾಡ್ತೀವಿ, ಎಸಳೆಲ್ಲಾ ಒಣಗಿ ಜಾಲರಿ ಒಳಗೆ ಉದುರುತ್ತೆ, ಆಮೇಲೆ ಬೀಳೋ ಮಳೆಗೆ ಅದು ಕೊಳೆತು ತೂತಿಗೆ ಬಿರಡೆ ಆಗುತ್ತೆ. ಹಾರ ಹಾಕ್ಬೇಡಿ ಅಂತ ನಾನು ಹೇಳಲ್ಲ, ಗಾಡಿ ಅನ್ನ ಕೊಡೋದು, ಪೂಜೆ ಆಗ್ಲೇಬೇಕು, ಮಾರನೇ ದಿನ ಹಾರ ಬಿಚ್ಚಿ ಜಾಲರಿ ಒಂದ್ಸಲ ಬ್ರಷ್ ಹೊಡೀರಿ ಸಾಕು. ನಿಮಗಂತೂ ವರ್ಷ ಪೂರ್ತಿ ಹೂವೇ, ಜೊತೆಗೆ ಬೇಸಿಗೇಲಿ ಹೊಂಗೆ, ಗುಲ್‌ಮೊಹರ್ ಉದುರಿಸೋ ಎಲೆ ಬೇರೆ.

ಕ್ಲೀನ್ ಮಾಡೋವಾಗ ಗಾಳಿ ಗನ್ ಹಿಡಿಬೇಡಿ, ಕಸ ಇನ್ನೂ ಒಳಗೆ ಹೋಗಿ ಗಟ್ಟಿ ಕೂರುತ್ತೆ. ವೈಪರ್ ತೋಳು ತೆಗೀರಿ, ಜಾಲರಿ ಬಿಚ್ಚಿ, ಕೈಯಲ್ಲೇ ಎತ್ತಿ, ಕೈ ಹೋಗದ ಕಡೆ ಹಳೇ ಸ್ಪೀಡೋಮೀಟರ್ ಕೇಬಲ್ಲಿನ ಒಳಗಿನ ತಂತಿ ಬಿಟ್ಟು ನಿಧಾನಕ್ಕೆ ತಿರುಗಿಸಿ. ಆಮೇಲೆ ಒಂದು ಚೊಂಬು ನೀರು ಹುಯ್ದು ಬಗ್ಗಿ ನೋಡಿ, ಹುಯ್ತಿದ್ದ ಹಾಗೇ ಕೆಳಗೆ ಧಾರೆ ಕಾಣ್ಬೇಕು. ತಡವಾಗಿ ತೊಟ್ಟು ತೊಟ್ಟು ಬಂದ್ರೆ ಇನ್ನೂ ಕಟ್ಕೊಂಡಿದೆ ಅಂತ ಅರ್ಥ.

ಇಷ್ಟಾದ ಮೇಲೂ ನೀರು ಬಂತು ಅಂದ್ರೆ ಆಗ ಪರೀಕ್ಷೆ. ಮ್ಯಾಟು, ಅದರ ಕೆಳಗಿನ ಫೆಲ್ಟು ಎಲ್ಲಾ ಕಿತ್ತು ಹೊರಗೆ ಹಾಕಿ, ತಗಡು ಪೂರ್ತಿ ಒಣಗ್ಬೇಕು. ಡ್ಯಾಶ್‌ಬೋರ್ಡ್ ಕೆಳಗೆ, ಕಂಬದ ಬುಡದಲ್ಲಿ, ಬೆಂಕಿ ತಗಡು ಅಂತೀವಲ್ಲ ಇಂಜಿನ್ನಿಗೂ ಕ್ಯಾಬಿನ್ನಿಗೂ ಮಧ್ಯದ್ದು, ಅದರ ಮೇಲೆ ಮುಖಕ್ಕೆ ಹಾಕೋ ಪೌಡರ್ ಉದುರಿಸಿ, ನೀರು ಬಂದ ದಾರಿ ಗೆರೆ ಎಳೆದ ಹಾಗೆ ಕಾಣುತ್ತೆ. ಒಬ್ಬರು ಟಾರ್ಚ್ ಹಿಡ್ಕೊಂಡು ಒಳಗೆ ಕೂರ್ಬೇಕು, ಇನ್ನೊಬ್ಬರು ಹೊರಗಿಂದ ನೀರು ಬಿಡ್ಬೇಕು, ಮತ್ತೆ ನೀರು ಯಾವಾಗಲೂ ಕೆಳಗಿಂದ ಮೇಲಕ್ಕೆ ಬಿಡ್ತಾ ಹೋಗ್ಬೇಕು: ಮೊದಲು ಕೌಲ್, ಆಮೇಲೆ ಗ್ಲಾಸಿನ ಕೆಳಗಂಚು, ಪಕ್ಕದಂಚು, ಮೇಲಂಚು, ಕೊನೆಗೆ ರೂಫ್. ಒಂದೊಂದು ಜಾಗಕ್ಕೂ ಹತ್ತು ನಿಮಿಷ ಕೊಡಿ. ಮೊದಲೇ ರೂಫ್ ಮೇಲೆ ಸುರಿದ್ರೆ ನೀರು ಎಲ್ಲಾ ಕಡೆ ಇಳ್ದು ಏನೂ ಗೊತ್ತಾಗಲ್ಲ. ವಾಟರ್ ಸರ್ವಿಸ್ ಗನ್ ಬೇಡವೇ ಬೇಡ, ಮಳೆ ಯಾವತ್ತೂ ಹೋಗದ ಸಂದಿಗೂ ಅದು ನೀರು ನುಗ್ಗಿಸುತ್ತೆ. ಗಿಡಕ್ಕೆ ಹಾಕೋ ಕ್ಯಾನ್ ಸಾಕು, ಸಂಪಲ್ಲಿ ಹಿಡಿದ ಮಳೆ ನೀರಿದ್ರೆ ಅದನ್ನೇ ಬಳಸಿ, 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿದ್ದು ನೆನಪಿರ್ಬೇಕಲ್ಲ, ದಂಡ ಇರ್ಲಿ ಬಿಡ್ಲಿ ಕಾವೇರಿ ನೀರು ಇದಕ್ಕೆಲ್ಲಾ ಸುರಿಯೋಕೆ ನನಗೆ ಮನಸ್ಸಾಗಲ್ಲ.

ರೂಫ್‌ಗೆ ಬಂದಾಗ ಒಂದೊಂದು ಬೋಲ್ಟೂ ನೋಡಿ. ಕ್ಯಾರಿಯರ್‌ಗೆ, ಹೆಸರಿನ ಬೋರ್ಡಿಗೆ, ಸೀರಿಯಲ್ ಲೈಟಿನ ವೈರಿಗೆ, ಹಿಂದೆ ಯಾರೋ ಹಾಕ್ಸಿ ತೆಗೆಸಿದ ಏರಿಯಲ್‌ಗೆ ಅಂತ ಎಷ್ಟು ತೂತು ಕೊರೆದಿರ್ತಾರೋ, ಪೇಂಟ್ ಕೆಳಗೆ ಮುಚ್ಚಿಹೋಗಿರುತ್ತೆ. ಪಕ್ಕದಲ್ಲಿ ಮಳೆ ನೀರು ಹರಿಯೋ ಗಟರ್ ಉದ್ದಕ್ಕೂ ಬೆರಳಾಡಿಸಿ, ಅಲ್ಲಿನ ಹಳೇ ಸೀಲರ್ ಒಣಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ರೂ ನೀರು ಹಿಡ್ಕೊಳ್ಳುತ್ತೆ. ಇನ್ನು ನಿಲ್ಸಿದ್ದಾಗ ಬರದೆ ಓಡೋವಾಗ ಮಾತ್ರ ನೀರು ಬಂದ್ರೆ ಮೇಲೆ ನೋಡ್ಬೇಡಿ, ಚಕ್ರ ಎರಚೋ ನೀರು ಅದು, ಫ್ಲೋರಿನ ರಬ್ಬರ್ ಬಿರಡೆ ಬಿದ್ದುಹೋಗಿರುತ್ತೆ ಇಲ್ಲಾ ಕ್ಲಚ್ ಕೇಬಲ್, ವೈರಿಂಗ್ ಒಳಗೆ ಬರೋ ಕಡೆ ತೂತಿನ ಸುತ್ತ ಇರೋ ರಬ್ಬರ್ ಬಳೆ, ಗ್ರೊಮೆಟ್ ಅಂತಾರೆ, ಅದು ಹರಿದಿರುತ್ತೆ. ಮಳೇನೇ ಇಲ್ದೆ ಎಸಿ ಹಾಕ್ದಾಗ ಮಾತ್ರ ಒದ್ದೆ ಆದ್ರೆ ಎಸಿ ನೀರು ಹೊರಗೆ ಹೋಗೋ ಪೈಪ್ ಕಟ್ಕೊಂಡಿದೆ. ಅಂಟಂಟಾಗಿ ಸಿಹಿ ವಾಸನೆ ಇದ್ರೆ ಅದು ಇಂಜಿನ್ ತಣ್ಣಗಿಡೋ ಕೂಲೆಂಟ್, ಹೀಟರ್ ಕಡೆ ತೋರಿಸಿ.

ಕೊನೆಗೂ ಗ್ಲಾಸೇ ಅಂತ ಖಾತ್ರಿ ಆಯ್ತು ಅಂದ್ಕೊಳ್ಳಿ. ಆಗ ಬೀಡಿಂಗ್ ಹೊಸದು ಹಾಕ್ಸೋದು ಸರಿ, ಹಳೇ ರಬ್ಬರ್ ಬಿಸಿಲಿಗೆ ಕುಗ್ಗಿ ಮೂಲೇಲಿ ಬಾಯಿ ಬಿಟ್ಟಿರುತ್ತೆ. ಆದ್ರೆ ಗ್ಲಾಸ್ ಇಳಿಸಿದ ದಿನ ನೀವೇ ನಿಂತು ರಬ್ಬರ್ ಕೂರೋ ತಗಡಿನ ಅಂಚು ನೋಡ್ಲೇಬೇಕು. ಅಲ್ಲಿ ತುಕ್ಕು ಉಬ್ಬಿದ್ರೆ ಎಷ್ಟು ಹೊಸ ರಬ್ಬರ್ ಹಾಕಿದ್ರೂ ಸರಿಯಾಗಿ ಕೂರಲ್ಲ. ವೈರ್ ಬ್ರಷ್ ಹೊಡೆದು ಬಿಳಿ ತಗಡು ಕಾಣೋ ತನಕ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಪೇಂಟ್, ಪೂರ್ತಿ ಒಣಗಿದ ಮೇಲೇ ರಬ್ಬರ್. ತೂತೇ ಬಿದ್ದಿದ್ರೆ ಟಿಂಕರಿಂಗ್‌ನೋರ ಹತ್ರ ಕತ್ತರಿಸಿ ಪ್ಯಾಚ್ ವೆಲ್ಡ್ ಮಾಡಿಸಿ, ಪುಟ್ಟಿ ಮೆತ್ತಿಸ್ಬೇಡಿ. ಗ್ಲಾಸ್ ಕೂರಿಸೋದು ಗೊತ್ತಿರೋನು ರಬ್ಬರಿನ ಸಂದಿಯೊಳಗೆ ನೈಲಾನ್ ದಾರ ಸುತ್ತಿ, ಸೋಪು ನೀರು ಹಚ್ಚಿ, ಒಳಗಿಂದ ದಾರ ಎಳೀತಾ ಎಳೀತಾ ರಬ್ಬರಿನ ತುಟಿ ತಗಡಿನ ಮೇಲೆ ಹತ್ತಿಸ್ತಾನೆ, ಸ್ಕ್ರೂಡ್ರೈವರ್ ಹಾಕಿ ಮೀಟೋನ ಕೈಗೆ ಗ್ಲಾಸ್ ಕೊಡ್ಬೇಡಿ.

ಈಗ ಆ ಸಿಲಿಕಾನ್. ಹುಣಸೆಹಣ್ಣಿನಂಥ ಹುಳಿ ಅಲ್ಲ, ವಿನಿಗರ್ ಥರ ಮೂಗಿಗೆ ಹೊಡೆಯೋ ವಾಸನೆ ಬಂತಾ ಹಾಕಿಸ್ದಾಗ? ಆ ಥರದ ಸಿಲಿಕಾನ್ ಗಟ್ಟಿ ಆಗೋವಾಗ ಅಸಿಟಿಕ್ ಆಸಿಡ್ ಬಿಡುತ್ತೆ, ಬರೀ ತಗಡಿಗೆ ತಾಗಿದ್ರೆ ತುಕ್ಕಿಗೆ ನಾವೇ ದಾರಿ ಮಾಡ್ಕೊಟ್ಟ ಹಾಗೆ, ಮತ್ತೆ ಅದರ ಜಿಡ್ಡು ಉಳಿದ ಕಡೆ ಪೇಂಟೂ ಹಿಡಿಯಲ್ಲ, ಬೇರೆ ಸೀಲರೂ ಅಂಟಲ್ಲ. ಬ್ಲೇಡಲ್ಲಿ ಕೆರೆದು ಪೂರ್ತಿ ತೆಗೆಸಿ. ರಬ್ಬರ್ ತುಟಿ ಕೆಳಗೆ ಹಾಕೋಕೆ ಗಟ್ಟಿಯಾಗದೆ ಮೆತ್ತಗೇ ಉಳಿಯೋ ಬ್ಯುಟೈಲ್ ಸೀಲರ್ ಕೇಳಿ, ತಗಡಿನ ಜೋಡಣೆಗೆ ಪಿಯು (ಪಾಲಿಯುರೆಥೇನ್) ಸೀಲರ್, ಜೆ.ಸಿ. ರೋಡ್ ಸ್ಪೇರ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಎಂ-ಸೀಲ್ ಕೂಡ ಇಲ್ಲಿಗಲ್ಲ, ಅದು ಕಲ್ಲಿನ ಹಾಗೆ ಗಟ್ಟಿ ಆಗುತ್ತೆ, ಕ್ಯಾಬಿನ್ನು ಹಂಪ್ ಹಂಪಿಗೂ ಅಲುಗಾಡುತ್ತೆ, ಬಿರುಕು ಬಿಡ್ಲೇಬೇಕು.

ಫ್ಯೂಸ್ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. ನೀರು ಫ್ಯೂಸ್ ಬಾಕ್ಸ್ ಮುಟ್ತಿದೆ ಅನ್ಸುತ್ತೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಇದ್ಯಾ ನೋಡ್ಸಿ. ಅರ್ಜೆಂಟಿಗೆ ಅಂತ ಜಾಸ್ತಿ ಆಂಪಿಯರ್ ಫ್ಯೂಸೋ ಬೆಳ್ಳಿ ಕಾಗದವೋ ಸಿಗಿಸ್ಬೇಡಿ ಅಣ್ಣಾ, ವೈರಿಂಗ್ ಹತ್ಕೊಂಡು ಉರಿಯುತ್ತೆ. ಮತ್ತೆ ಆ ಫೆಲ್ಟು ಒದ್ದೆ ಇರೋ ತನಕ ಗ್ಲಾಸ್ ಮಂಜು ಹೋಗಲ್ಲ, ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ನೀರು ಕುಡಿದಿರುತ್ತೆ, ಎರಡು ಮೂರು ದಿನ ಬಿಸಿಲಿಗೆ ಹಾಕಿ, ನಾತ ಹೋಗದಿದ್ರೆ ಬಿಸಾಕಿ ಹೊಸದು ಹಾಕಿ. ಬೆಳಗಿನ ಜಾವದ ಕತ್ತಲಲ್ಲಿ, ಮಳೇಲಿ, ಮಂಜು ಹಿಡಿದ ಗ್ಲಾಸನ್ನ ಒಂದು ಕೈಯಲ್ಲಿ ಒರೆಸ್ಕೊಂಡು ಮಾರ್ಕೆಟ್‌ಗೆ ಹೋಗೋದು ನಿಮಗೂ ಕ್ಷೇಮ ಅಲ್ಲ, ರೋಡಲ್ಲಿ ಬುಟ್ಟಿ ಹೊತ್ಕೊಂಡು ದಾಟೋರಿಗೂ ಅಲ್ಲ. ಗಾಡಿ ಎರಡು ದಿನ ನಿಂತ್ರೂ ಪರವಾಗಿಲ್ಲ.

ಪ್ರಶ್ನೆ: ನಮ್ಮದು ನರ್ಸರಿ, ಗಿಡ ಸಾಗಿಸೋಕೆ ಹಳೇ ಪಿಕಪ್ ಇದೆ. ಮಳೆ ಬಂದ ಮಾರನೇ ದಿನ ತಿರುವಲ್ಲಿ ಡೋರ್ ಒಳಗೆ ಗುಳುಗುಳು ಸದ್ದು, ಡ್ರೈವರ್ ಕಾಲ ಹತ್ರ ನೀರು. ಹೊಸ ಡೋರ್ ಬೀಡಿಂಗ್ ಹಾಕಿಸಿಯೂ ನಿಂತಿಲ್ಲ.
– ಕೆಂಗೇರಿಯಿಂದ ಒಬ್ಬರು ಗೃಹಿಣಿ

ಉತ್ತರ: ಅಕ್ಕಾ, ಕಿಟಕಿ ಗ್ಲಾಸ್ ಇಳಿಯೋ ಸಂದಿಯಿಂದ ಪ್ರತಿ ಗಾಡಿ ಡೋರ್ ಒಳಗೂ ನೀರು ಹೋಗುತ್ತೆ, ಹೊಸ ಗಾಡಿಗೂ ಅಷ್ಟೇ. ಅದು ಹೊರಗೆ ಹೋಗೋಕೆ ಡೋರಿನ ತಳದ ಅಂಚಲ್ಲಿ ಸಣ್ಣ ತೂತುಗಳಿರುತ್ತೆ. ಸದ್ದು ಬರ್ತಿದೆ ಅಂದ್ರೆ ಅವು ಮುಚ್ಚಿದೆ, ಮಣ್ಣು ಕೂತಿರುತ್ತೆ ಇಲ್ಲಾ ಪೇಂಟ್ ಮಾಡ್ದಾಗ ಪುಟ್ಟಿ ಮೆತ್ತಿರ್ತಾರೆ. ಕೆಳಗೆ ಬಕೆಟ್ ಇಟ್ಟು ದಪ್ಪ ತಂತಿ ಚುಚ್ಚಿ, ಎಷ್ಟು ನೀರು ಬರುತ್ತೆ ನೀವೇ ನೋಡಿ.

ಆಮೇಲೆ ಒಳಗಿನ ಡೋರ್ ಪ್ಯಾಡ್ ಬಿಚ್ಚಿಸಿ. ಅದರ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರ್ಬೇಕು, ಡೋರ್ ಒಳಗಿನ ನೀರನ್ನ ಕ್ಯಾಬಿನ್ನಿಗೆ ಬರದ ಹಾಗೆ ತಡೆಯೋದು ಅದೇ. ಗ್ಲಾಸ್ ಹ್ಯಾಂಡಲ್ಲೋ ಲಾಕೋ ರಿಪೇರಿ ಮಾಡೋರು ಅದನ್ನ ಹರಿದು ಬಿಸಾಕಿ ಪ್ಯಾಡ್ ಮುಚ್ಚಿ ಕಳಿಸ್ತಾರೆ, ಹಳೇ ಗಾಡೀಲಿ ಹತ್ತಕ್ಕೆ ಹತ್ತು ಕಡೆ ನಾನು ಕಂಡಿದ್ದು ಇದನ್ನೇ. ನಿಮ್ಮ ನರ್ಸರೀಲಿ ದಪ್ಪ ಪಾಲಿಥಿನ್ ಶೀಟ್ ಇದ್ದೇ ಇರುತ್ತೆ, ಅದನ್ನ ಡೋರಿನ ಅಳತೆಗೆ ಕತ್ತರಿಸಿ ಬ್ಯುಟೈಲ್ ಟೇಪಲ್ಲಿ ಸುತ್ತ ಅಂಟಿಸಿ, ಕೆಳಗಿನ ಅಂಚು ಮಾತ್ರ ಡೋರಿನ ಹೊಟ್ಟೆಯೊಳಗೆ ಇಳಿಬಿದ್ದಿರ್ಬೇಕು, ಆಗ ನೀರು ಅದರ ಮೇಲೆ ಜಾರಿ ಒಳಗೇ ಬಿದ್ದು ತಳದ ತೂತಿಂದ ಹೋಗುತ್ತೆ.

ಬೀಡಿಂಗ್ ಸರಿ ಕೂತಿದ್ಯಾ ಅಂತ ನೋಡೋಕೆ ಒಂದು ಉದ್ದ ಕಾಗದದ ಚೂರು ಇಟ್ಟು ಡೋರ್ ಹಾಕಿ ಎಳೀರಿ, ಬಿಗಿಯಾಗಿ ಬರ್ಬೇಕು. ಸುಮ್ನೆ ಜಾರಿ ಬಂದ್ರೆ ಡೋರ್ ತೆಗೆದು ಹಿಡಿಕೆ ಹಿಡ್ದು ಮೇಲಕ್ಕೆತ್ತಿ, ಆಡಿದ್ರೆ ಹಿಂಜಸ್ ಪಿನ್ ಸವೆದು ಡೋರ್ ಇಳಿದಿದೆ, ಅದು ಸರಿ ಆಗದೆ ಬೀಡಿಂಗ್ ಎಷ್ಟು ಹಾಕ್ಸಿದ್ರೂ ಉಪಯೋಗ ಇಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಿದೀವಿ, ಮ್ಯಾಟ್ ಕೆಳಗೆ ತುಕ್ಕಿದೆ. ಮಾರೋರು ಬರೀ ಮಳೆ ಲೀಕು ಅಂತಾರೆ. 2022ರ ಸೆಪ್ಟೆಂಬರ್‌ನಲ್ಲಿ ನೀರಲ್ಲಿ ನಿಂತ ಗಾಡಿ ಇರ್ಬಹುದಾ ಅಂತ ಭಯ.
– ಅಣ್ಣ ತಮ್ಮ, ಪೀಣ್ಯ

ಉತ್ತರ: ಭಯ ಪಡೋದು ಸರಿಯೇ, ಆ ವಾರ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ಗಾಡಿಗಳು ನೀರಲ್ಲಿ ನಿಂತಿದ್ದು ಎಲ್ಲರೂ ನೋಡಿದ್ದೇವೆ. ಮೇಲಿಂದ ಲೀಕ್ ಆದ ನೀರು ಒಂದು ಕಡೆ ಮಾತ್ರ ತುಕ್ಕು ಹಿಡಿಸುತ್ತೆ, ಬಂದ ದಾರಿಯ ಕಲೆ ಮೇಲಿಂದ ಕೆಳಗೆ ಇಳಿದಿರುತ್ತೆ. ನೀರಲ್ಲಿ ನಿಂತ ಗಾಡೀಲಿ ಕಲೆ ಅಡ್ಡಕ್ಕೆ, ಸುತ್ತ ಒಂದೇ ಮಟ್ಟಕ್ಕೆ ಇರುತ್ತೆ. ಸೀಟ್ ಬೆಲ್ಟನ್ನ ಕೊನೆ ತನಕ ಎಳೀರಿ, ತೊಳೆಯೋರು ಅದನ್ನ ಮರೀತಾರೆ, ಒಳಗೆ ಸುತ್ತಿಕೊಂಡಿರೋ ಕಡೆ ಕೆಸರಿನ ಗೆರೆ ಉಳಿದಿರುತ್ತೆ. ಸೀಟ್ ಕೆಳಗಿನ ನಾಲ್ಕೂ ಬೋಲ್ಟ್ ತುಕ್ಕು ಹಿಡಿದಿದ್ಯಾ, ಡ್ಯಾಶ್‌ಬೋರ್ಡ್ ಕೆಳಗಿನ ವೈರಿಂಗ್ ಸಂದೀಲಿ ಸಣ್ಣ ಕೆಸರು ಪುಡಿ ಇದ್ಯಾ ಟಾರ್ಚ್ ಬಿಟ್ಟು ನೋಡಿ. ಇದ್ರೆ ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ಇಲ್ಲ ಅಂದ್ರೆ ಫ್ಲೋರ್ ತಗಡಿಗೆ ಸ್ಕ್ರೂಡ್ರೈವರ್ ತುದಿ ಒತ್ತಿ, ಒಳಗೆ ಹೋಗದೆ ಟಣ್ ಅಂದ್ರೆ ಮೇಲಿನ ತುಕ್ಕು ಮಾತ್ರ, ವೆಲ್ಡಿಂಗ್ ಖರ್ಚಿಲ್ಲ, ಬೆಲೆ ಸ್ವಲ್ಪ ಇಳಿಸಿ ತಗೋಬಹುದು.